ಉಗ್ರಾಣದ ಬೀಗದ ಕೈ

ಹಳೆಯ ಶಿಷ್ಯರು ಅಧ್ಯಾಪಕನನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಎರಡು ಕಾರಣಗಳಿಗೆ: ಒಂದು, ನಡತೆಯ ಪ್ರಮಾಣಪತ್ರ, ಇನ್ನೊಂದು, ಮದುವೆಯ ಕರೆಯೋಲೆ. ಕಳೆದ ಭಾನುವಾರ ಶ್ರೀಗಂಧದ ಕಾವಲಿನ ನಮ್ಮ ಮನೆಯ ಬಾಗಿಲು ತಟ್ಟಿದ ಹೆಣ್ಣುಮಗಳ ಕೈಯಲ್ಲಿ ಅಂಚಿಗೆ ಅರಿಶಿನ ಹಚ್ಚಿದ ಲಕೋಟೆಗಳ ಕಟ್ಟೇ ಇತ್ತು. "ಏನಮ್ಮ, ಮದುವೆಯೇ? ಬಹಳ ಸಂತೋಷ" ಎಂದುಬಿಟ್ಟೆ.

"ಹೌದು ಸಾರ್. ಈ ತಿಂಗಳು ಮೂರು" ಎಂದಳು.

ನಾನು ತಬ್ಬಿಬ್ಬಾದುದನ್ನು ಕಂಡು ಆಕೆಯೇ ನಕ್ಕು ವಿವರಿಸಿದಳು. ಮೂರೂ ಅನ್ಯರ ಮದುವೆಗಳು. ಮಾಡಿಸುವುದು ಆಕೆಯ ಉದ್ಯೋಗ. ಇಂಗ್ಲಿಷಿನಲ್ಲಿ ಇದಕ್ಕೆ 'ವೆಡ್ಡಿಂಗ್ ಪ್ಲಾನರ್' ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿಕೊಂಡೇ ಆಕೆ ನನ್ನ ಬಳಿಗೆ ಬಂದಿದ್ದುದು. ತನ್ನ ವ್ಯವಹಾರಕ್ಕೆ ಒಂದು ಪುಟದ ಕರಪತ್ರವಾಗಬೇಕು, ಅದು ಕನ್ನಡದಲ್ಲಿರಬೇಕು. ಈ ಉದ್ಯೋಗದ ಜಾಹೀರಾತುಗಳೆಲ್ಲ ಇಂಗ್ಲಿಷಿನಲ್ಲಿವೆ; ಆದರೆ ಮಾಗಡಿ ರಸ್ತೆಯ ಅಂಗಡಿಗಳವರೂ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರೂ ಹೆಣ್ಣುಮಕ್ಕಳ ಮದುವೆಯ ಚಿಂತೆಯನ್ನು ಮಾಡುವುದು ಕನ್ನಡದಲ್ಲಿಯೇ ಎಂಬುದು ಆಕೆಯ ವಾದ. ಕನ್ನಡದ ಎಂ. ಎ. ಪದವಿಗೆ ಇಂಥದೊಂದು ಪ್ರಯೋಜನವೂ ಉಂಟೆಂದು ಹಿಗ್ಗಿ ಲೇಖನಿ ಹಿಡಿದೆ.

ಮಂಗಳಕರವಾದ ಪರಿಣಯೋತ್ಸವವೆಂದೆ, ರತ್ನಖಚಿತ ಮಂಟಪವೆಂದೆ, ಇಂದ್ರಭೋಗವನ್ನೂ ತಂದಿರಿಸಿದೆ. ಆಕೆ ಎರಡು ಬಾರಿ ಓದಿ, ವಿನಯದಿಂದಲೇ, "ಚೆನ್ನಾಗಿದೆ ಸಾರ್. ಆದರೆ ನಾನು ಮಾಡುವ ಕೆಲಸ ಏನು ಎನ್ನುವುದೇ ಇದರಲ್ಲಿ ಇಲ್ಲವಲ್ಲ" ಎಂದಳು. ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ನಾನೇ ಎಷ್ಟೋ ಸಲ ಬರೆದ ಷರಾ ಅದು.

"ಹಾಗಾದರೆ ನೀನು ಮಾಡುವ ಕೆಲಸವೇನು?" ಎಂದು ಕೇಳಿದೆ. ಮುಂದಿನ ಒಂದು ಗಂಟೆಯ ಕಾಲ ನಾನು ವಿದ್ಯಾರ್ಥಿಯಾದೆ.

ಆಕೆಯ ಪುಸ್ತಕದಲ್ಲಿ ಪ್ರತಿಯೊಂದು ಮದುವೆಗೂ ಒಂದು ಕಾಲದ ಲೆಕ್ಕವಿದೆ, ಅದು ಹಿಂದುಮುಂದಾಗಿ ನಡೆಯುತ್ತದೆ. ಮುಹೂರ್ತ 10-40ಕ್ಕೆ ಎಂದರೆ ಕನ್ಯೆಯ ಜಡೆ ಮುಗಿಯಬೇಕಾದ ಹೊತ್ತು ಯಾವುದು, ಓಲಗದವರು ತಿಂಡಿ ಮುಗಿಸಬೇಕಾದುದು ಎಷ್ಟಕ್ಕೆ, ಕೃಷ್ಣರಾಜ ಮಾರುಕಟ್ಟೆಯಿಂದ ಹೂವು ಹೊರಡಬೇಕಾದುದು ಎಷ್ಟು ನಸುಕಿಗೆ! ಊಟದ ಲೆಕ್ಕವಂತೂ ರೈಲಿನ ವೇಳಾಪಟ್ಟಿಯೇ ಸರಿ. ಛತ್ರದ ಊಟದ ಮನೆಯಲ್ಲಿ ಒಮ್ಮೆಗೆ 150 ಎಲೆ, ಬರುವವರು 600. ನಾಲ್ಕು ಪಂಕ್ತಿ, ಪಂಕ್ತಿಗೆ 40 ನಿಮಿಷ. ಮೊದಲನೆಯದು 11-45ಕ್ಕೆ ಕುಳಿತರೆ ಕೊನೆಯದು ಏಳುವುದು 2-25ಕ್ಕೆ. 4 ಗಂಟೆಗೆ ಛತ್ರ ತೆರವಾಗಬೇಕು. ಮೊದಲ ಪಂಕ್ತಿ ಅರ್ಧ ಗಂಟೆ ತಡವಾಯಿತೆಂದರೆ ಹೆಣ್ಣಿನ ತಾಯಿ ಮೂರು ಗಂಟೆಯವರೆಗೆ ಉಪವಾಸ. ಅಡುಗೆಯವರ ಬಿಲ್ಲು ಎಲೆಯ ಲೆಕ್ಕದ ಮೇಲಾದುದರಿಂದ ಪ್ರತಿ ಪಂಕ್ತಿಯಲ್ಲಿಯೂ ಇಬ್ಬರು ಎಲೆ ಎಣಿಸಬೇಕು. ಹರಿದು ಬದಲಾಯಿಸಿದ ಎಲೆಯೂ, ಮಗುವಿನ ಮುಂದೆ ಸುಮ್ಮನೆ ಹಾಕಿದ ಎಲೆಯೂ ಎಣಿಕೆಗೆ ಸೇರುತ್ತವೆಯೇ ಎಂಬುದು ಮುಂಚಿತವಾಗಿಯೇ ಇತ್ಯರ್ಥವಾಗಬೇಕು.

ಇಷ್ಟೆಲ್ಲ ಕೇಳುತ್ತಿರುವಾಗ ನನ್ನೊಳಗಿನ ಸಾಹಿತ್ಯದ ವಿದ್ಯಾರ್ಥಿ ಸುಮ್ಮನಿರಲಿಲ್ಲ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ವಿಧಿಯಿಂದ ನಡೆಸಿಕೊಟ್ಟರು; ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ; ಇಷ್ಟು ದೊಡ್ಡ ಮೇಲ್ಪಂಕ್ತಿಗಳಿರುವ ನಾಡಿನಲ್ಲಿ ಈ ಸಂಭ್ರಮವೇಕೆ ಎಂದೆ. ಕಾನೂನಿಗೂ ಆಡಂಬರ ಬೇಕಾಗಿಲ್ಲ. 1955ರ ಹಿಂದೂ ವಿವಾಹ ಅಧಿನಿಯಮ ಕೇಳುವುದು ವಧೂವರರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ವಿಧಿಗಳು ನಡೆಯಬೇಕೆಂದು. ಸಪ್ತಪದಿ ಅದರೊಳಗಿದ್ದರೆ ಏಳನೆಯ ಹೆಜ್ಜೆಯೊಂದಿಗೆ ವಿವಾಹ ಪೂರ್ಣ. 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ, ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠದಲ್ಲಿ, ಮದುವೆಯೆಂಬುದು ಹಾಡು, ಕುಣಿತ, ಭೋಜನಗಳಿಗಾಗಿ ಇರುವ ಸಂದರ್ಭವಲ್ಲವೆಂದು ಹೇಳಿತು. ಆದರೆ ಅದೇ ತೀರ್ಪು ವಿಧಿಯನ್ನೇ ನಡೆಸದೆ ಪ್ರಮಾಣಪತ್ರ ಪಡೆದ ಮಾತ್ರಕ್ಕೆ ಹಿಂದೂ ವಿವಾಹವಾಗದೆಂದೂ ಹೇಳಿತೆಂಬುದನ್ನು ಮರೆಮಾಚಬಾರದು.

"ಸರಳವಾದುದನ್ನೂ ಮಾಡಿಸುತ್ತೇನೆ ಸಾರ್. 2020ರಲ್ಲಿ ಐವತ್ತೇ ಜನ ಎಂದು ನಿಯಮವಾದಾಗ ಹಳೆಯ ಕಂಪನಿಯಲ್ಲಿದ್ದೆ. ಐವತ್ತು ಜನಕ್ಕೂ ಯಾರಾದರೂ ನೀರು ಕೊಡಲೇಬೇಕಾಗಿತ್ತು" ಎಂದಳು.

ಆ ಮಾತಿನಿಂದ ನನಗೆ ನನ್ನ ಸೋದರಮಾವನ ನೆನಪಾಯಿತು.

ನಮ್ಮ ಬಂಧುಬಳಗದಲ್ಲಿ ಮದುವೆಯೆಂದರೆ ಮಾಗಡಿಯ ಕಡೆಯ ನಮ್ಮ ಮಾವ ಮೂರು ದಿನ ಮೊದಲೇ ಬರಬೇಕು. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ. ತುಪ್ಪ, ಬೆಲ್ಲ, ತೆಂಗಿನಕಾಯಿ, ಫಲತಾಂಬೂಲದ ಚೀಲ, ಎಲ್ಲವೂ ಅವರ ಕೈಯಿಂದಲೇ ಹೊರಡಬೇಕು. ಮುಯ್ಯಿಯ ಪುಸ್ತಕವೂ ಅವರದೇ ಅಕ್ಷರದಲ್ಲಿ: ಯಾರು ಎಷ್ಟು ಕೊಟ್ಟರು, ಅವರ ಮನೆಯ ಮದುವೆಗೆ ನಾವು ಎಷ್ಟು ಹಿಂದಿರುಗಿಸಬೇಕು. ಕೂಲಿಯಿಲ್ಲ, ಕೊನೆಯಲ್ಲಿ ಒಂದು ಪಂಚೆ, ಒಂದು ಶಲ್ಯ, ಸಾಂಬಾರಿಗೆ ಉಪ್ಪು ಕಡಿಮೆಯಾಯಿತೆಂಬ ಆಕ್ಷೇಪಣೆ.

2003ರಲ್ಲಿ ನನ್ನ ಅಕ್ಕನ ಮದುವೆ. ನಮ್ಮಲ್ಲಿ ಕನ್ಯೆಯನ್ನು ಹಸೆಮಣೆಗೆ ಕರೆತರುವ ಹಕ್ಕು ಸೋದರಮಾವನದು. ಪುರೋಹಿತರು ಕರೆದರು. ನಾನಾಗ ಹದಿನಾಲ್ಕರ ಹುಡುಗ. ಮಾವನನ್ನು ಕರೆತರಲು ಓಡಿದೆ. ಉಗ್ರಾಣದಲ್ಲಿ ಅಡುಗೆಯವರು ತುಪ್ಪಕ್ಕಾಗಿ ಕಾದು ನಿಂತಿದ್ದರು. ಡಬ್ಬಗಳ ಲೆಕ್ಕ ತಾಳೆಯಾಗುತ್ತಿರಲಿಲ್ಲ. "ಬಂದೆ, ನಡಿ" ಎಂದರು. ಬೀಗದ ಕೈಯನ್ನು ನಂಬಿ ಕೊಡಲು ಎದುರಿಗೆ ಯಾರೂ ಇರಲಿಲ್ಲ. ಮುಹೂರ್ತ ಮೀರುತ್ತದೆಂದು ದೂರದ ಸಂಬಂಧದ ಇನ್ನೊಬ್ಬರು ಅಕ್ಕನ ಕೈಹಿಡಿದು ಕರೆತಂದರು. ಆಲ್ಬಮ್ಮಿನಲ್ಲಿ ಇರುವುದು ಅವರ ಚಿತ್ರ. ಮಾವ ಆ ವಿಷಯವನ್ನು ಎಂದೂ ಎತ್ತಿದವರಲ್ಲ. ಅಕ್ಕ ಎತ್ತಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ.

ಇದನ್ನು ಹೇಳಿ ಮುಗಿಸಿದಾಗ ನನ್ನ ಶಿಷ್ಯೆ ಕರಪತ್ರದ ಹಾಳೆಯನ್ನು ತಿರುವಿ, ಹಿಂಬದಿಯಲ್ಲಿ ತಾನೇ ಒಂದು ಸಾಲು ಬರೆದಳು: "ಮುಹೂರ್ತದ ಹೊತ್ತಿಗೆ ನಿಮ್ಮ ಮನೆಯವರೆಲ್ಲರೂ ಮಂಟಪದ ಬಳಿ ಇರುತ್ತಾರೆ. ಉಗ್ರಾಣದ ಬೀಗದ ಕೈ ನಮ್ಮ ಬಳಿ ಇರುತ್ತದೆ." ನನ್ನ ರತ್ನಖಚಿತ ಮಂಟಪ ಅಲ್ಲಿಗೆ ಕುಸಿಯಿತು. ತಿದ್ದಲು ಒಂದಕ್ಷರವೂ ಸಿಗಲಿಲ್ಲ.

ಎರಡನೆಯ ಸಾಲಿನ ವಿಷಯದಲ್ಲಿ ಮಾತ್ರ ಚರ್ಚೆಯಾಯಿತು. ತನ್ನ ಸಂಭಾವನೆ 40,000 ರೂಪಾಯಿ ಎಂದು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿಸಬೇಕೆಂಬುದು ಆಕೆಯ ಹಟ. ಹಾಗೆ ಹಾಕಿಸಿದರೆ ಜನ ಬೆಚ್ಚಿ ಓಡುತ್ತಾರೆಂದು ನಾನು. ಆಗ ಈ ಉದ್ಯೋಗದ ಒಳಗುಟ್ಟು ಹೊರಬಿತ್ತು. ಸಂಭಾವನೆ ಏನೂ ಬೇಡ, ಎಲ್ಲ ಉಚಿತವೆನ್ನುವವರುಂಟು. ಅವರು ಹೂವಿನವರಿಂದ, ಅಡುಗೆಯವರಿಂದ, ದೀಪದವರಿಂದ ಕಮಿಷನ್ ಪಡೆಯುತ್ತಾರೆ. ಎಲೆಗೆ 20 ರೂಪಾಯಿ ಎಂದು ಒಬ್ಬರು ಆಕೆಗೂ ಆಸೆ ತೋರಿಸಿದ್ದರಂತೆ. 900 ಎಲೆಗೆ 18,000. ಅದು ಹೆಣ್ಣಿನ ತಂದೆಯ ಬಿಲ್ಲಿನಲ್ಲಿಯೇ ಅಡಗಿ ಬರುವ ಹಣ. "ಎಲೆಗೆ ಇಷ್ಟು ಎಂದು ನಾನು ಪಡೆದರೆ, ಎಲೆ ಎಣಿಸುವಾಗ ನಾನು ಯಾರ ಕಡೆ ಸಾರ್?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ.

ಈ ಹಟಕ್ಕೆ ಆಕೆ ಬೆಲೆ ತೆತ್ತಿದ್ದಾಳೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಹೇಗೂ ಕೆಲಸವಿಲ್ಲ. 2023ರಲ್ಲಿ ಆಷಾಢ ಮುಗಿಯಿತೆನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂದು, ಎರಡು ತಿಂಗಳು ಸಹಾಯಕಿಯರ ಸಂಬಳಕ್ಕೆ ತನ್ನ ಬಳೆ ಅಡವಿಟ್ಟಳಂತೆ. ಅಷ್ಟಾಗಿಯೂ ಜನ ಕೇಳುವ ಮೊದಲ ಪ್ರಶ್ನೆ: "ಇದಕ್ಕೂ ದುಡ್ಡೇ? ಮಾಡಲು ನಮ್ಮ ಮನೆಯಲ್ಲಿ ಜನವಿಲ್ಲವೇ?" ಹಾಗೆ ಕೇಳುವ ಯಜಮಾನರನ್ನು ನಾನು ಬಲ್ಲೆ. ಆ 'ಜನ'ದ ಹೆಸರು ಅವರಿಗೆ ನೆನಪಿರುವುದು ಮದುವೆಯ ಹಿಂದಿನ ವಾರ ಮಾತ್ರ.

ಕೊನೆಗೆ ಸಂಭಾವನೆಯೂ ಅಚ್ಚಾಯಿತು, ಯಾರಿಂದಲೂ ಕಮಿಷನ್ ಪಡೆಯುವುದಿಲ್ಲವೆಂಬ ಮಾತೂ ಅಚ್ಚಾಯಿತು. ಉದ್ಯೋಗಕ್ಕೆ ಕನ್ನಡದ ಹೆಸರು ಮಾತ್ರ ಸಿಗಲಿಲ್ಲ. 'ವಿವಾಹ ನಿಯೋಜಕಿ' ಎಂದು ನಾನು ಸೂಚಿಸಿದ್ದೆ. 'ಮದುವೆ ಮಾಡಿಸಿಕೊಡುತ್ತೇವೆ' ಎಂದು ಆಕೆ ಹಾಕಿಸಿಕೊಂಡಳು.

ಆ ರಾತ್ರಿ ಮಾವನಿಗೆ ಫೋನಿನಲ್ಲಿ ಈ ಸಮಾಚಾರವನ್ನೆಲ್ಲ ಹೇಳಿದೆ. 40,000 ಎಂದಾಗ ಗದರುತ್ತಾರೆಂದು ಕಾದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಗದ ಕೈ ಅವಳೊಬ್ಬಳ ಹತ್ತಿರವೇ ಇರುತ್ತದೆಯೋ, ಇನ್ನೊಬ್ಬರ ಬಳಿಯೂ ಇರುತ್ತದೆಯೋ?" ಎಂದು ಕೇಳಿದರು. ಸಹಾಯಕಿಯೊಬ್ಬಳ ಬಳಿ ಇನ್ನೊಂದು ಇರುತ್ತದಂತೆ ಎಂದೆ.

"ಹಾಗಾದರೆ ಸರಿ" ಎಂದರು. ಮಾಘದಲ್ಲಿ ಅವರ ಮೊಮ್ಮಗಳ ಮದುವೆ. ಆ ಕರಪತ್ರ ಒಂದಿದ್ದರೆ ಅಂಚೆಯಲ್ಲಿ ಕಳುಹಿಸಪ್ಪಾ ಎಂದರು.