ಅಡಿಗಲ್ಲಿನ ಉತ್ಸಾಹ ಸಾಲದು

ಸಮಾಜಕಾರ್ಯವೆಂದರೆ ಸಮಾರಂಭವೆಂಬ ಭ್ರಮೆ ಇಂದು ನಮ್ಮಲ್ಲಿ ಆಳವಾಗಿ ಬೇರೂರಿದೆ. ಅಡಿಗಲ್ಲು ಇಡುವ ದಿನ ಮಂಟಪ ಸಾಲದಷ್ಟು ಜನ. ಕಟ್ಟಡ ಎದ್ದು ನಿಂತ ಮೇಲೆ ಅದರೊಳಗಿನ ದೀಪದ ಎಣ್ಣೆಗೆ ಕೊಡುವವರಿಲ್ಲ. ಐದು ವರುಷ ತುಂಬುವುದರೊಳಗೆ ‘ಇಷ್ಟು ದಿನ ದುಡಿದಿರಿ, ಫಲವೇನು?’ ಎಂಬ ಪ್ರಶ್ನೆ ಏಳುತ್ತದೆ. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಮಾವಿನ ಸಸಿ ನೆಟ್ಟು, ಮೆಂತ್ಯದ ಸೊಪ್ಪು ಬರುವ ಅವಧಿಯಲ್ಲಿ ಹಣ್ಣು ಕೇಳುವುದು ವಿವೇಕವಲ್ಲ.

ಹೀಗೆ ಕೇಳುವವರು ತಾವು ನಿಂತ ನಾಡು ಹೇಗೆ ನಿರ್ಮಾಣವಾಯಿತೆಂಬುದನ್ನೇ ಮರೆತಿದ್ದಾರೆ. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ, ಕನ್ನಡಿಗರು ಮುಂಬಯಿ ಮತ್ತು ಮದ್ರಾಸು ಪ್ರಾಂತಗಳಲ್ಲಿ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ, ಇನ್ನೂ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಆ ಸಂಘ ಕೈಗೆತ್ತಿಕೊಂಡದ್ದು ಕನ್ನಡದಲ್ಲಿ ಗ್ರಂಥ ಬರೆಯಿಸುವ, ಅಚ್ಚು ಹಾಕಿಸುವ, ಪತ್ರಿಕೆ ನಡೆಸುವ ಸಾಮಾನ್ಯ ಕೆಲಸವನ್ನು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದಿತು. 1924ರಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಏಕೀಕರಣ ಪರಿಷತ್ತು ಸೇರಿತು. ಸ್ವಾತಂತ್ರ್ಯ ಬಂದ ಮೇಲೂ, 1948ರಲ್ಲಿ ಧಾರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು. ಅಂದು ಇವರೆಲ್ಲ ಮನೆಗೆ ಹೋಗಿ ಕುಳಿತರೇ? ಕುಳಿತಿದ್ದರೆ 1956ರ ನವೆಂಬರ್ 1 ಬರುತ್ತಿರಲಿಲ್ಲ.

ಸಂಘದ ಸ್ಥಾಪನೆಯಿಂದ ಅಲ್ಲಿಗೆ 66 ವರುಷ. ದೇಶಪಾಂಡೆಯವರು ಆ ದಿನವನ್ನು ಕಾಣಲಿಲ್ಲ. ಆಲೂರರು ಏಕೀಕರಣವನ್ನು ಕಂಡರು. ಆದರೆ 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಹೊತ್ತಿಗೆ ಅವರು ತೀರಿಕೊಂಡು ಒಂಬತ್ತು ವರುಷಗಳಾಗಿದ್ದವು. ಐದು ವರುಷದ ಫಲವನ್ನೇ ಅಳತೆಗೋಲು ಮಾಡಿಕೊಂಡಿದ್ದರೆ, 1895ರಲ್ಲಿಯೇ ಆ ಸಂಘದ ಬಾಗಿಲು ಮುಚ್ಚಬೇಕಾಗಿತ್ತು!

ನಾಡು ಕಟ್ಟುವ ಕಾರ್ಯ 1956ರಲ್ಲಿ ಮುಗಿಯಿತೆಂದು ಯಾರೂ ತಿಳಿಯಬಾರದು. ನಕ್ಷೆ ಒಂದಾಯಿತು, ಬಾಳು ಒಂದಾಗಲಿಲ್ಲ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಈ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರ್ಗಿ ವಿಭಾಗದವು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿಯೂ ಬಂದಿತು. ವಿಧಿಯು ಸ್ಥಾನವನ್ನು ಮೀಸಲಿಡಬಲ್ಲದು. ಆ ಸ್ಥಾನಕ್ಕೆ ಮಗುವನ್ನು ಸಿದ್ಧಪಡಿಸಲು ಅನ್ನ, ಅಕ್ಷರ, ಆಶ್ರಯ ಕೊಡುವ ಕೈಗಳು ಬೇಕು.

‘ಅದೆಲ್ಲ ಸರಕಾರದ ಕೆಲಸ’ ಎನ್ನುವವರಿದ್ದಾರೆ. ಸರಕಾರ ತನ್ನ ಹೊಣೆಯನ್ನು ಹೊರಲೇಬೇಕು. ಆದರೆ ಐದು ವರುಷಕ್ಕೊಮ್ಮೆ ಮತ ಕೇಳುವವರಿಂದ ಮೂವತ್ತು ವರುಷದ ತಾಳ್ಮೆಯನ್ನು ನಿರೀಕ್ಷಿಸಬಹುದೇ? ‘ಇದು ವೇಗದ ಯುಗ’ ಎನ್ನುವವರೂ ಇದ್ದಾರೆ. ಯಂತ್ರಕ್ಕೆ ವೇಗ ಬಂದಿದೆ. ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿ ಮುಗಿಸಲು ಇಂದಿಗೂ ಹತ್ತು ವರುಷವೇ ಬೇಕು.

ಹಾಗೆಂದು ಹಿಡಿದದ್ದನ್ನು ಬಿಡದಿರುವುದೆಲ್ಲ ಸ್ಥೈರ್ಯವಲ್ಲ. ಲೆಕ್ಕ ತೋರಿಸದೆ, ಕಿರಿಯರಿಗೆ ಸ್ಥಾನ ಬಿಡದೆ ಕುರ್ಚಿಗೆ ಅಂಟಿಕೊಳ್ಳುವುದು ಹಟ. ಏಕೀಕರಣ ಸಾಧಿಸಿದ್ದು ಒಬ್ಬರ ಕೈಯ ಕೆಲಸವನ್ನು ಇನ್ನೊಬ್ಬರು ಎತ್ತಿಕೊಂಡದ್ದರಿಂದ.

ದಾಸೋಹದ ಒಲೆಯನ್ನು ನೋಡಿರಿ. ‘ನಿನ್ನೆ ಉಣಿಸಿದ್ದಾಯಿತಲ್ಲ, ಇಂದೇಕೆ ಮತ್ತೆ ಬೆಂಕಿ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಮಾಜಕಾರ್ಯಕ್ಕೂ ಅದೇ ನಿಯಮ. ಆದುದರಿಂದ ಭಕ್ತರಲ್ಲಿಯೂ, ಮಠದ ಅನ್ನ ಉಂಡು ಕಲಿತು ಹೋದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ಸ್ಪಷ್ಟವಾದ ಮಾತು ಇದು: ಹೊಸ ಕಟ್ಟಡಕ್ಕೆ ನಿಮ್ಮ ಹೆಸರಿನ ಕಲ್ಲು ಬೇಡ. ಹಿಂದುಳಿದ ಒಂದು ತಾಲೂಕನ್ನು, ಅಲ್ಲಿಯ ಒಂದು ಶಾಲೆಯನ್ನೋ ಪ್ರಸಾದನಿಲಯವನ್ನೋ ಆರಿಸಿಕೊಳ್ಳಿರಿ. ಅದರ ನಿತ್ಯದ ಖರ್ಚಿಗೆ ಇಪ್ಪತ್ತೈದು ವರುಷದ ಸಂಕಲ್ಪ ಮಾಡಿರಿ. ವರುಷಕ್ಕೊಮ್ಮೆ ಲೆಕ್ಕವನ್ನು ಬಹಿರಂಗಪಡಿಸಿರಿ. ನಿಮ್ಮ ತರುವಾಯ ಅದನ್ನು ನಡೆಸುವವರನ್ನು ಇಂದೇ ಜೊತೆಗೆ ಕರೆದುಕೊಳ್ಳಿರಿ.

ಫಲವನ್ನು ನೀವು ಕಾಣದಿರಬಹುದು. ಕಾಣದೆಯೇ ದುಡಿದವರ ನಾಡಿನಲ್ಲಿ ನಾವೆಲ್ಲ ಬಾಳುತ್ತಿದ್ದೇವೆ. ಆ ಋಣ ಸಲ್ಲುವುದು ದುಡಿಮೆಯಿಂದಲೇ.