ಚೀಲದ ಮೇಲೆ ‘ಭಾರತ್’, ಒಳಗಿನ ಕಲ್ಲು ಯಾರದು?



ಮುಂಗಾರು ಹಿಡಿಯುತ್ತಿದ್ದಂತೆ ರೈತರಾದ ನಾವು ಸೊಸೈಟಿ ಮುಂದೆ ಸಾಲುಗಟ್ಟಿ ನಿಲ್ಲುತ್ತೇವೆ. ಆಧಾರ್ ತೋರಿಸಿ, ಮಷೀನಿಗೆ ಹೆಬ್ಬೆಟ್ಟು ಒತ್ತಿದ ಮೇಲೆಯೇ ಡಿಎಪಿ ಗೊಬ್ಬರದ ಚೀಲ ಕೈಗೆ ಬರುವುದು. ಕೊಂಡವನು ಯಾರು, ಯಾವ ಊರಿನವನು ಎಂಬುದೆಲ್ಲ ಸರ್ಕಾರಕ್ಕೆ ಗೊತ್ತು. ಚೀಲದೊಳಗಿನ ರಂಜಕ ಯಾವ ಗಣಿಯದೆಂದು ಮಾತ್ರ ನಮಗೆ ಯಾರೂ ಹೇಳುವುದಿಲ್ಲ. 2022ರಿಂದ ಯಾವ ಕಂಪನಿಯ ಚೀಲವಾದರೂ ದೊಡ್ಡಕ್ಷರದ ಹೆಸರು ಒಂದೇ: ಭಾರತ್.

18:46 ಎಂದು ಬರೆದಿರುತ್ತಾರಲ್ಲ, ಅದರಲ್ಲಿ 46 ರಂಜಕದ ಪಾಲು. ಅದಕ್ಕೆ ಬೇಕಾದ ರಂಜಕದ ಕಲ್ಲು ನಮ್ಮ ದೇಶದಲ್ಲಿ ಸಾಲದು, ಮೊರಾಕೊದಿಂದಲೂ ತರಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊರಾಕೊ ಮಾರುವುದೆಲ್ಲ ಮೊರಾಕೊದ್ದಲ್ಲ. ಪಕ್ಕದ ಪಶ್ಚಿಮ ಸಹಾರಾದ ಬೂಕ್ರಾ ಗಣಿಯಿಂದ ಸುಮಾರು 100 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್ ಮರಳುಗಾಡು ದಾಟಿ ಅಟ್ಲಾಂಟಿಕ್ ದಂಡೆಗೆ ಅದಿರು ತಂದು ಸುರಿಯುತ್ತದೆ. ದಾರಿಯುದ್ದಕ್ಕೂ ಗಾಳಿಗೆ ಹಾರಿ ಬಿದ್ದ ಬಿಳಿ ಪುಡಿ ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಆ ಅದಿರು ಕೊಂಡ ದೇಶಗಳಲ್ಲಿ ಭಾರತವೂ ಒಂದು.

ಕರ್ನಾಟಕಕ್ಕಿಂತ ದೊಡ್ಡದಾದ ಆ ನಾಡು ಸ್ಪೇನಿನ ವಸಾಹತಾಗಿತ್ತು. ಮೊರಾಕೊಗೆ ಅದರ ಮೇಲೆ ಒಡೆತನವಿಲ್ಲ, ಜನರೇ ತಮ್ಮ ದಾರಿ ಆರಿಸಿಕೊಳ್ಳಲಿ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1975ರ ಅಕ್ಟೋಬರ್ 16ರಂದು ಹೇಳಿತು. ಮೂರೇ ವಾರಕ್ಕೆ ಮೊರಾಕೊದ ದೊರೆ ಮೂರೂವರೆ ಲಕ್ಷ ಜನರನ್ನು ಗಡಿ ದಾಟಿಸಿದ. ಅದರ ಸೈನ್ಯಕ್ಕೆ ಹೆದರಿ ಓಡಿಹೋದ ಅಲ್ಲಿನ ಮೂಲ ಜನ ಸಹರಾವಿಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಜೀರಿಯಾದ ಟಿಂಡೂಫ್ ಶಿಬಿರಗಳಲ್ಲಿದ್ದಾರೆ. ಅವರಿಗೂ ಅವರ ಊರುಗಳಿಗೂ ನಡುವೆ 2,700 ಕಿ.ಮೀ. ಮರಳಿನ ಗೋಡೆ, ಅದರ ಬುಡದಲ್ಲಿ ನೆಲಬಾಂಬು. 1991ರಲ್ಲಿ ವಿಶ್ವಸಂಸ್ಥೆ ಜನಮತಗಣನೆಯ ಮಾತು ಕೊಟ್ಟಿತು. ಅಲ್ಲಿಗೆ ಕಳಿಸಿದ ತಂಡದ ಹೆಸರಿನಲ್ಲೇ ಆ ಪದವಿದೆ. ಮತದಾನ ಮಾತ್ರ ಇನ್ನೂ ನಡೆದಿಲ್ಲ.

ಸೈನ್ಯದಿಂದ ಬಗೆಹರಿಯದ್ದನ್ನು ಈಗ ವ್ಯಾಪಾರ ಒಪ್ಪಂದದ ಒಂದು ಸಾಲಿನಲ್ಲಿ ಬಗೆಹರಿಸುವ ಯತ್ನ ನಡೆದಿದೆ. ‘ಮೊರಾಕೊ’ ಎಂದರೆ ಎಲ್ಲಿಯವರೆಗೆ? ಇಷ್ಟೇ ಆ ಸಾಲು. 2004ರಲ್ಲಿ ಮೊರಾಕೊ ಜೊತೆ ಮುಕ್ತ ವ್ಯಾಪಾರಕ್ಕೆ ಸಹಿ ಹಾಕಿದ ಅಮೆರಿಕ, ಪಶ್ಚಿಮ ಸಹಾರಾ ಇದರೊಳಗೆ ಬರುವುದಿಲ್ಲ ಎಂದು ಬರೆದೇ ಕೊಟ್ಟಿತ್ತು. 2020ರ ಡಿಸೆಂಬರ್‌ನಲ್ಲಿ ಮೊರಾಕೊ ಇಸ್ರೇಲಿನ ಕೈ ಕುಲುಕಲು ಒಪ್ಪಿತು, ಅದೇ ಅಮೆರಿಕ ಇಡೀ ನಾಡು ಮೊರಾಕೊದ್ದೆಂದು ಮಾನ್ಯ ಮಾಡಿತು. ಸಂತೆಯಲ್ಲಿ ಎಮ್ಮೆಯೂ ಇಷ್ಟು ಬೇಗ ಕೈ ಬದಲಾಯಿಸುವುದಿಲ್ಲ.

ಯುರೋಪಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿ. ಪಶ್ಚಿಮ ಸಹಾರಾದ ದಖ್ಲಾದಲ್ಲಿ ಬೆಳೆದ ಟೊಮೆಟೊ, ಕರಬೂಜ, ಅಲ್ಲಿನ ಕಡಲ ಮೀನು ಸುಂಕದ ರಿಯಾಯಿತಿಯಲ್ಲಿ ಯುರೋಪಿಗೆ ಹೋಗುತ್ತಿದ್ದವು. ಸಹರಾವಿಗಳ ಪೊಲಿಸಾರಿಯೊ ಸಂಘಟನೆ ಕೋರ್ಟಿಗೆ ಹೋಯಿತು. ಆ ನಾಡಿನಲ್ಲಿ ವಾಸವಿರುವವರನ್ನು ಕೇಳಿಯೇ ಒಪ್ಪಂದ ಮಾಡಿದ್ದೇವೆ ಎಂಬುದು ಯುರೋಪಿನ ಆಡಳಿತಗಾರರ ವಾದ. 2024ರ ಅಕ್ಟೋಬರ್ 4ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಈಗ ಅಲ್ಲಿ ವಾಸವಿರುವವರು ಬೇರೆ, ಆ ನಾಡಿನ ಜನತೆ ಬೇರೆ; ಜನತೆಯ ಬಹುಪಾಲು ಹೊರಗಿದೆ, ಒಪ್ಪಿಗೆ ಬೇಕಿರುವುದು ಅವರದು ಎಂದಿತು. ಮನೆ ಮಾರಲು ಬಾಡಿಗೆದಾರನ ಸಹಿ ಹಾಕಿಸಿದರೆ ನಮ್ಮ ಸಬ್‌ರಿಜಿಸ್ಟ್ರಾರ್ ಕೂಡ ಒಪ್ಪುವುದಿಲ್ಲ ತಾನೇ? ಹಣ್ಣಿನ ಮೇಲೆ ‘ಪಶ್ಚಿಮ ಸಹಾರಾ’ ಎಂದೇ ಬರೆಯಬೇಕೆಂದೂ ತೀರ್ಪಾಯಿತು. ಒಂದು ವರ್ಷ ತುಂಬುವಷ್ಟರಲ್ಲಿ ಹೊಸ ಒಪ್ಪಂದ ಬಂತು. ಚೀಟಿಯ ಮೇಲೆ ಮೊರಾಕೊ ತಾನೇ ಇಟ್ಟ ಪ್ರದೇಶವಾರು ಹೆಸರುಗಳು. ನಾಡಿನ ಹೆಸರೇ ಮಾಯ.

2025ರ ಅಕ್ಟೋಬರ್ ಕೊನೆಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೂ ಆ ನಾಡಿಗೆ ತನ್ನೊಳಗೇ ಸ್ವಾಯತ್ತತೆ ಕೊಡುವ ಮೊರಾಕೊದ ಯೋಜನೆಯನ್ನೇ ಮಾತುಕತೆಗೆ ಆಧಾರ ಮಾಡಿತು, ನಿಜ. ಸ್ವಯಂನಿರ್ಣಯದ ಹಕ್ಕನ್ನು ಆ ನಿರ್ಣಯವೂ ಅಳಿಸಿಲ್ಲ.

ಎಲ್ಲಿಯ ಸಹಾರಾ, ಎಲ್ಲಿಯ ನಾವು ಎನ್ನುವವರಿದ್ದಾರೆ. ಗಿಲ್ಗಿಟ್–ಬಾಲ್ಟಿಸ್ತಾನದ ಮೂಲಕ ಚೀನಾ–ಪಾಕಿಸ್ತಾನ ಕಾರಿಡಾರ್ ಹಾಯಿಸಿದಾಗ, ವ್ಯಾಪಾರದ ಹೆಸರಿನಲ್ಲಿ ನಮ್ಮ ನೆಲದ ಹಕ್ಕು ಕಡೆಗಣಿಸಬೇಡಿ ಎಂದು ಚೀನಾ ಕರೆದ 2017ರ ಬೀಜಿಂಗ್ ಸಭೆಗೆ ಹೋಗದೆ ಕೂತದ್ದು ಭಾರತವೇ. ಬಳ್ಳಾರಿಯಲ್ಲಿ ಗಡಿಕಲ್ಲು ಕಿತ್ತು ಅದಿರು ಸಾಗಿಸಿದ್ದನ್ನು ಕಂಡವರು ನಾವು. ಗಡಿ ಮಸುಕಾದಷ್ಟೂ ಲಾರಿ ಸಲೀಸಾಗಿ ಓಡುತ್ತದೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಭಾರತ 1985ರಲ್ಲಿ, ಪೊಲಿಸಾರಿಯೊ ಘೋಷಿಸಿದ್ದ ಸಹರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ಹಿಂತೆಗೆದುಕೊಂಡಿತು. ಅದನ್ನು ಮತ್ತೆ ಕೊಡಿ ಎಂದು ಈ ಕರಪತ್ರ ಕೇಳುತ್ತಿಲ್ಲ. ಗೊಬ್ಬರ ನಿಲ್ಲಿಸಿ ಎಂದಂತೂ ಅಲ್ಲವೇ ಅಲ್ಲ. ಬಿತ್ತನೆ ಹೊತ್ತಿಗೆ ಚೀಲ ಸಿಗದಿದ್ದರೆ ಏನಾಗುತ್ತದೆಂದು ನಮಗೆ ಗೊತ್ತು. ಸರ್ಕಾರವನ್ನು ಕೇಳುವುದು ಇಷ್ಟೇ: ಮೊರಾಕೊ ಜೊತೆ ಯಾವ ಒಪ್ಪಂದಕ್ಕೆ ಕೂತರೂ ‘ಪಶ್ಚಿಮ ಸಹಾರಾ ಇದರಲ್ಲಿ ಸೇರಿಲ್ಲ’ ಎಂಬ ಸಾಲು ಬರೆಸಿ. ಆಮದಾದ ಕಲ್ಲು ಯಾವ ಗಣಿಯದೆಂದು ಬಂದರಿನಲ್ಲೇ ದಾಖಲಿಸಿ, ಚೀಲದ ಮೇಲೂ ಮುದ್ರಿಸಿ.

ಈ ಸಲ ಗೊಬ್ಬರ ತರಲು ಹೋದಾಗ ಸೊಸೈಟಿ ಕಾರ್ಯದರ್ಶಿಯವರನ್ನು ಕೇಳಿ ನೋಡಿ: ಇದು ಯಾವ ಗಣಿಯ ಕಲ್ಲು ಸ್ವಾಮಿ? ಅವರಿಗೆ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಅದೇ ಪ್ರಶ್ನೆಯನ್ನು ಒಂದು ಕಾರ್ಡಿನಲ್ಲಿ ಬರೆದು, ಊರಿನ ಹೆಸರು ಹಾಕಿ, ನಿಮ್ಮ ಸಂಸದರಿಗೆ ಅಂಚೆಗೆ ಹಾಕಿ.