ನೆನಪಿನ ತ್ರುಟಿತಾಕ್ಷರಗಳು

ಕೈಯಿಂದ ಬರೆದ ಚಿತ್ರ ಚರಿತ್ರೆಗೆ ಸಾಕ್ಷ್ಯವಾಗಬಲ್ಲುದೇ? ಇಸ್ರೇಲಿನ ನಿರ್ದೇಶಕ ಆರಿ ಫೋಲ್ಮನ್ ಅವರ ‘ವಾಲ್ಟ್ಸ್ ವಿತ್ ಬಶೀರ್’ (2008) ಎಂಬ ಅನಿಮೇಷನ್ ಸಾಕ್ಷ್ಯಚಿತ್ರ ಎತ್ತಿದ ಪ್ರಶ್ನೆಯಿದು. 1982ರ ಲೆಬನಾನ್ ಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ ಸಬ್ರಾ-ಶತೀಲಾ ಹತ್ಯಾಕಾಂಡದ ದಿನಗಳ ನೆನಪು ಅಳಿಸಿಹೋಗಿತ್ತು. ಅಂದಿನ ಸಂಗಾತಿಗಳನ್ನು ಹುಡುಕಿ ಮಾತನಾಡಿಸಿ, ಅವರ ನೆನಪು-ಕನಸುಗಳನ್ನು ಅವರು ಗೆರೆಗಳಲ್ಲಿ ಮೂಡಿಸಿದರು.

ಶಾಸನಾಭ್ಯಾಸಿಗಳಿಗೆ ಈ ವಿಧಾನ ಅಪರಿಚಿತವೇನಲ್ಲ. ಶಾಸನ ಸಂಪಾದಕನು ಅಳಿದ ಅಕ್ಷರಗಳ ಎಡೆಯಲ್ಲಿ ಚುಕ್ಕಿಗಳನ್ನಿಡುತ್ತಾನೆ. ಊಹಿಸಿ ತುಂಬಿದ್ದನ್ನು ಆವರಣದೊಳಗೆ ಕೊಡುತ್ತಾನೆ. ಅನಿಮೇಷನ್ ಅಂತಹದೇ ಆವರಣ. ನಟರಿಂದ ಮರುನಟಿಸಿದ ಯುದ್ಧ ನೋಡುಗನನ್ನು ವಂಚಿಸಬಹುದು. ಗೆರೆಯಾದರೋ ತಾನು ಪುನಾರಚನೆಯೆಂದು ಮೊದಲೇ ಒಪ್ಪಿಕೊಳ್ಳುತ್ತದೆ. ಅದು ಘಟನೆಗೆ ಸಾಕ್ಷ್ಯವಲ್ಲ, ನೆನಪಿಗೆ ಸಾಕ್ಷ್ಯ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆ ಇದನ್ನು ಬೇಗ ಗ್ರಹಿಸಬಲ್ಲುದು. ತರ್ದವಾಡಿ ಸಾವಿರ ನಾಡಿನ ನೆಲವಿದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೆಳಗೆ ತೈಲಪನು ಆ ನಾಡನ್ನು ಆಳುತ್ತಿದ್ದುದನ್ನು ಬಾಗೇವಾಡಿ ತಾಲ್ಲೂಕಿನ ನರಸಲಗಿಯ ಕ್ರಿ.ಶ. 965ರ ಶಾಸನ ತಿಳಿಸುತ್ತದೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ: ಅದೂ ಪಟ್ಟಿಕೆಯಿಂದ ಪಟ್ಟಿಕೆಗೆ ನಡೆಯುವ ಚಿತ್ರಕಥೆಯೇ. ಆದರೆ ಅದು ಮಡಿದವನ ಕಲ್ಲು. ಮನಸ್ಸು ಗಾಯಗೊಂಡು ಮರಳಿದವನಿಗೆ ಅಲ್ಲಿ ಪಟ್ಟಿಕೆಯಿಲ್ಲ.

ಆ ಕೊರತೆಯನ್ನು ತುಂಬಿದವನು ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯ ಬರೆದ ಜೈನಕವಿ ರನ್ನ. ‘ಗದಾಯುದ್ಧ’ದ ಸಿಂಹಾವಲೋಕನ ಕ್ರಮವು ಯುದ್ಧದ ಕೊನೆಯಲ್ಲಿ ನಿಂತು ಹಿಂದಿರುಗಿ ನೋಡುವುದು. ಹೆಣಗಳ ನಡುವೆ ನಡೆಯುವ ದುರ್ಯೋಧನ ಕರ್ಣ, ದುಶ್ಶಾಸನರಿಗಾಗಿ ಮಾತ್ರ ಮರುಗುವುದಿಲ್ಲ. ತನ್ನವರೇ ಕೊಂದ ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ.

ಯುದ್ಧಸ್ಮೃತಿಯ ಕೃತಿಗಳಿಗೆ ಇದೇ ಒರೆಗಲ್ಲಾಗಬೇಕು. ಫೋಲ್ಮನ್ನರ ಚಿತ್ರ ಸೈನಿಕನ ನೋವಿನಲ್ಲಿಯೇ ಮುಳುಗಿ, ಹತರಾದ ಪ್ಯಾಲೆಸ್ತೀನಿಯರಿಗೆ ದನಿ ಕೊಡಲಿಲ್ಲವೆಂಬ ಆಕ್ಷೇಪವಿದೆ. ಅದು ತಳ್ಳಿಹಾಕುವಂಥದಲ್ಲ. ಕೊನೆಯಲ್ಲಿ ಗೆರೆಗಳು ನಿಂತು, ಗೋಳಿಡುವ ಹೆಂಗಸರ ನಿಜದೃಶ್ಯ ತೆರೆಗೆ ಬರುತ್ತದೆ. ಗೆರೆ ತನ್ನ ಮಿತಿಯನ್ನರಿತು ಹಿಂದೆ ಸರಿದ ಆ ಗಳಿಗೆಯೇ ಚಿತ್ರದ ಸತ್ವ.

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಯುದ್ಧಕ್ಕೆ ಸಿದ್ಧಗೊಳಿಸುವಷ್ಟೇ ಶ್ರದ್ಧೆಯಿಂದ, ಮರಳಿ ಬಂದವರ ಮಾತನ್ನೂ ಮರೆವನ್ನೂ ದಾಖಲಿಸುವುದು ಈ ನಾಲ್ಕು ತಾಲ್ಲೂಕುಗಳ ಸಂಶೋಧಕರ ಹೊಣೆ. ಮರೆತದ್ದನ್ನು ಶೌರ್ಯದಿಂದ ತುಂಬದೆ, ಚುಕ್ಕಿಗಳನ್ನು ಚುಕ್ಕಿಗಳಾಗಿಯೇ ಉಳಿಸುವ ಪ್ರಾಮಾಣಿಕತೆ ಅದಕ್ಕೆ ಬೇಕು.